ಸಸಿ ಕಾಯುತ್ತದೆ, ಮಣ್ಣು ಹದಕ್ಕೆ ಬರಲಿ

ಪ್ರಶ್ನೆ: ಒಂದು ಸಾರ್ವಜನಿಕ ಉದ್ಯಾನದ ಹೂವಿನ ಪಾತಿಗಳನ್ನು ನಾನು ಮತ್ತು ಕೆಲವು ಸ್ವಯಂಸೇವಕರು ನೋಡಿಕೊಳ್ಳುತ್ತೇವೆ. ವಸಂತ ಶುರುವಾಗಿ ಮೂರು ವಾರ ಆಯಿತು, ಮಳೆ ಬಿಡುತ್ತಲೇ ಇಲ್ಲ. ಪೆಟುನಿಯಾ, ಚೆಂಡುಹೂ, ಜೀನಿಯಾ, ನಿತ್ಯಪುಷ್ಪ, ಬೆಗೋನಿಯಾ ಎಲ್ಲಾ ಸೇರಿ ಸುಮಾರು 2000 ಸಸಿಗಳು ಟ್ರೇಗಳಲ್ಲಿ ಬಂದು ಕೂತಿವೆ. ಇನ್ನು ಎರಡು ವಾರಕ್ಕೆ ಉದ್ಯಾನದಲ್ಲಿ ಒಂದು ಕಾರ್ಯಕ್ರಮ ಇದೆ. ಮೇಲಿನವರು ಬೇಗ ನೆಡಿ ಅನ್ನುತ್ತಿದ್ದಾರೆ. ಮಳೆಯಲ್ಲೇ ನೆಟ್ಟುಬಿಡಬಹುದಾ? ನೀರು ಹಾಕುವ ಕೆಲಸವೂ ಉಳಿಯುತ್ತದೆ ಅಲ್ವಾ?

ಉತ್ತರ: ಈ ವಾರ ನೆಡಬೇಡಿ. ಮಳೆ ನಿಂತ ಮಾರನೇ ದಿನವೂ ಬೇಡ. ಯಾವ ಪಾತಿಯ ಮಣ್ಣು ಹದಕ್ಕೆ ಬಂದಿದೆಯೋ ಅದರಲ್ಲಿ ಮಾತ್ರ ನೆಡಿ, ಉಳಿದದ್ದನ್ನು ಹಾಗೇ ಬಿಡಿ. ಸರಿಯಾಗಿ ನೋಡಿಕೊಂಡರೆ ನಿಮ್ಮ ಸಸಿಗಳು ಟ್ರೇಯಲ್ಲೇ ಇನ್ನೂ ಹತ್ತು ಹದಿನೈದು ದಿನ ಚೆನ್ನಾಗಿಯೇ ಇರುತ್ತವೆ. ಆದರೆ ಹಸಿ ಮಣ್ಣನ್ನು ಒಂದೇ ಒಂದು ದಿನ ತುಳಿದು ಕೆಡಿಸಿದರೆ, ಆ ಪಾತಿ ಸೀಸನ್ ಮುಗಿಯುವವರೆಗೂ ಚೇತರಿಸಿಕೊಳ್ಳುವುದಿಲ್ಲ.

ಮಳೆಗಾಲದಲ್ಲಿ ನೆಟ್ಟರೆ ಸಸಿ ಬಾಡುವುದಿಲ್ಲ ಅನ್ನುವ ಮಾತು ಸುಳ್ಳಲ್ಲ. ಮೋಡ ಮುಚ್ಚಿದ ದಿನ, ಬಿಸಿಲಿಲ್ಲದ ಸಂಜೆ ನೆಡುವುದಕ್ಕೆ ತುಂಬಾ ಒಳ್ಳೆಯದು. ಆದರೆ ಅದು ಮೇಲಿನ ಗಾಳಿಯ ಮಾತು. ನೆಡುವ ದಿನವನ್ನು ತೀರ್ಮಾನ ಮಾಡಬೇಕಾದ್ದು ಕೆಳಗಿನ ಮಣ್ಣು. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಅನ್ನುವ ಮಾತು ಹೊಲಕ್ಕೆ ಎಷ್ಟು ನಿಜವೋ ಹೂವಿನ ಪಾತಿಗೂ ಅಷ್ಟೇ ನಿಜ.

ಹದ ನೋಡುವುದು ಹೇಗೆ? ಮೇಲ್ಮಣ್ಣು ನೋಡಿ ಮೋಸ ಹೋಗಬೇಡಿ. ಅರ್ಧ ದಿನ ಬಿಸಿಲು ಬಂದರೆ ಮೇಲೆ ತೆಳ್ಳಗೆ ಒಣಗಿರುತ್ತದೆ, ಕೆಳಗೆ ಕೆಸರೇ ಇರುತ್ತದೆ. ಪಾತಿಯ ಅಂಚಿನಲ್ಲಿ ನಿಂತು, ಒಳಗೆ ಕಾಲಿಡದೆ, ಕೈ ಚಾಚಿ 10ರಿಂದ 15 ಸೆಂಟಿಮೀಟರ್ ಆಳದ ಒಂದು ಹಿಡಿ ಮಣ್ಣು ತೆಗೆಯಿರಿ. ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ. ಬೆರಳ ಸಂದಿಯಿಂದ ನೀರು ಜಿನುಗಿದರೆ ಇನ್ನು ಕೆಲವು ದಿನ ಆ ಕಡೆ ಹೋಗುವುದೇ ಬೇಡ. ಜಿನುಗಲಿಲ್ಲ ಅಂದರೆ ಉಂಡೆಯನ್ನು ಹೆಬ್ಬೆರಳಲ್ಲಿ ತಳ್ಳಿ ನೋಡಿ. ಪುಡಿಪುಡಿಯಾಗಿ ಬಿದ್ದರೆ ಹದ ಬಂದಿದೆ. ತಗ್ಗು ಬಿದ್ದು ಉಂಡೆ ಹಾಗೇ ಉಳಿದರೆ ಬಂದಿಲ್ಲ. ಇನ್ನೂ ಅನುಮಾನ ಇದ್ದರೆ ಚಿಟಿಕೆ ಮಣ್ಣನ್ನು ಎರಡು ಬೆರಳ ನಡುವೆ ಉಜ್ಜಿ. ಪಟ್ಟಿಯಂತೆ ನೀಳವಾಗಿ, ಮೇಲ್ಮೈ ಹೊಳೆದರೆ ಕಾಯಿರಿ. ಪ್ರತಿ ಪಾತಿಗೂ ಬೇರೆಬೇರೆಯಾಗಿ ಹೀಗೆ ನೋಡಬೇಕು. ಮರಳು ಜಾಸ್ತಿ ಇರುವ ಎತ್ತರದ ಪಾತಿ ಮಳೆ ನಿಂತ ಒಂದೆರಡು ದಿನಕ್ಕೇ ಹದಕ್ಕೆ ಬರಬಹುದು. ಮರದ ನೆರಳಿನ ಜೇಡಿ ಮಣ್ಣಿನ ಪಾತಿ ಒಂದು ವಾರ ದಾಟಿಸಬಹುದು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ನಿಮಗೆ ಅನಿಸಬಹುದು. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಮಣ್ಣೇ ಅಲ್ಲ, ಖಾಲಿ ಸಂದಿ. ಆ ಸಂದಿಗಳಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ ಇರಬೇಕು. ಬೇರು ಉಸಿರಾಡುವುದು ಆ ಗಾಳಿಯಿಂದ. ಸಂದಿ ಪೂರ್ತಿ ನೀರಿನಿಂದ ತುಂಬಿದರೆ ಆಮ್ಲಜನಕ ಬೇರಿಗೆ ತಲುಪುವುದಿಲ್ಲ, ಯಾಕಂದರೆ ಗಾಳಿಗಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಳೆ ನಿಂತು ನೀರು ಬಸಿದರೆ ಇದು ತಾನಾಗೇ ಸರಿಯಾಗುತ್ತದೆ. ಆದರೆ ನೀರು ತುಂಬಿರುವಾಗ ನಾವು ಮೇಲೆ ನಿಂತರೆ ಮಣ್ಣಿನ ಕಣಗಳು ಒಂದರ ಮೇಲೊಂದು ಜಾರಿ ಒತ್ತಾಗಿ ಕೂತುಬಿಡುತ್ತವೆ. ದೊಡ್ಡ ಸಂದಿಗಳೇ ಮುಚ್ಚಿಹೋಗುತ್ತವೆ. ಹೆಚ್ಚಿನ ಹಾನಿ ಆಗುವುದು ಮೊದಲ ಸಲ ತುಳಿದಾಗಲೇ. ಒಂದೇ ಸಲ ಅಲ್ವಾ ಅಂತ ಒಳಗೆ ಕಾಲಿಡುವುದು ಅದಕ್ಕೇ ಬೇಡ.

ಇದನ್ನು ನಾನು ಸ್ವಂತ ಕೈಯಿಂದಲೇ ಕಲಿತೆ. ಹಲವು ವರ್ಷಗಳ ಹಿಂದೆ ಒಂದು ದೊಡ್ಡ ಉದ್ಯಾನದಲ್ಲಿ ನನಗೆ ಪಾತಿಗಳ ಜವಾಬ್ದಾರಿ ಇತ್ತು. ಆಗಲೂ ಒಂದು ಸಮಾರಂಭ, ಆಗಲೂ ಬಿಡದ ಮಳೆ. ರೇನ್‌ಕೋಟ್ ಹಾಕಿಕೊಂಡು ಎರಡೇ ದಿನದಲ್ಲಿ ನಡುವಿನ ದೊಡ್ಡ ಪಾತಿ ತುಂಬಾ ಪೆಟುನಿಯಾ ನೆಟ್ಟೆವು. ಸಮಾರಂಭದ ದಿನ ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ಗಿಡ ಬೆಳೆಯಲೇ ಇಲ್ಲ. ಬಿಸಿಲು ಬಂದಾಗ ಮಧ್ಯಾಹ್ನ ಬಾಡುತ್ತಿದ್ದವು, ನೀರು ಹಾಕಿದರೆ ಹಳದಿಯಾಗುತ್ತಿದ್ದವು. ಆರು ವಾರ ಕಳೆದ ಮೇಲೆ ಒಂದು ಗಿಡವನ್ನು ಸುತ್ತಲ ಮಣ್ಣಿನ ಸಮೇತ ಅಗೆದು ತೆಗೆದೆ. ಬೇರಿನ ಉಂಡೆ ಟ್ರೇಯಿಂದ ಬಿಡಿಸಿದ ದಿನ ಹೇಗಿತ್ತೋ ಹಾಗೇ ಇತ್ತು, ಟ್ರೇ ಗುಳಿಯ ಮೂಲೆಗಳ ಆಕಾರವೂ ಮಾಸಿರಲಿಲ್ಲ. ಒಂದು ಬೇರೂ ಹೊರಗೆ ಹೋಗಿರಲಿಲ್ಲ. ಗುಂಡಿಯ ಗೋಡೆ ಮಡಕೆಯ ಒಳಮೈ ಥರ ನುಣ್ಣಗೆ ಹೊಳೆಯುತ್ತಿತ್ತು. ಹಸಿ ಜೇಡಿಯಲ್ಲಿ ನಾವು ಕೈಸಲಿಕೆ ತಿರುಗಿಸಿ ತಿರುಗಿಸಿ ಗುಂಡಿ ಮಾಡಿದ್ದೆವಲ್ಲ, ಆ ಉಜ್ಜುವಿಕೆಗೆ ಗೋಡೆ ಮೆತ್ತಿಕೊಂಡು, ಆಮೇಲೆ ಒಣಗಿ ಗಟ್ಟಿಯಾಗಿತ್ತು. ಪ್ರತಿ ಗಿಡವನ್ನೂ ನಾವೇ ಒಂದೊಂದು ತೂತಿಲ್ಲದ ಕುಂಡದಲ್ಲಿ ಕೂರಿಸಿದ್ದೆವು. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತಿತ್ತು, ಬಿಸಿಲು ಬಂದರೆ ಅಷ್ಟೇ ಮಣ್ಣು ಬೇಗ ಒಣಗುತ್ತಿತ್ತು. ಆ ವರ್ಷ ಆ ಪಾತಿಯನ್ನು ಮತ್ತೆ ಅಗೆದು, ಬೇರೆ ಸಸಿ ತಂದು, ಎರಡನೇ ಸಲ ನೆಟ್ಟೆವು.

ಹಸಿ ಮಣ್ಣಿನ ಇನ್ನೊಂದು ತೊಂದರೆ ತಂಪು. ಒಂದು ಕಿಲೋ ನೀರು ಬಿಸಿಯಾಗಲು ಒಂದು ಕಿಲೋ ಒಣ ಮಣ್ಣಿಗಿಂತ ಸುಮಾರು ಐದು ಪಟ್ಟು ಶಾಖ ಬೇಕು. ಜೊತೆಗೆ ಮೇಲಿನ ನೀರು ಆವಿಯಾಗುವಾಗಲೂ ಶಾಖ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಗಾಳಿ ಬೆಚ್ಚಗಿದ್ದರೂ ಪಾತಿ ತಣ್ಣಗೇ ಇರುತ್ತದೆ. ಒಂದು ಮಣ್ಣಿನ ಥರ್ಮಾಮೀಟರ್ ಇಟ್ಟುಕೊಳ್ಳಿ. ಬೆಳಿಗ್ಗೆ ಹೊತ್ತು 10 ಸೆಂಟಿಮೀಟರ್ ಆಳದಲ್ಲಿ ಮೂರು ನಾಲ್ಕು ದಿನ ಒಂದೇ ಸಮಯಕ್ಕೆ ನೋಡಿ. ಚೆಂಡುಹೂ, ಪೆಟುನಿಯಾ, ಜೀನಿಯಾಗಳಿಗೆ 15 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ನಿತ್ಯಪುಷ್ಪಕ್ಕೆ 18 ದಾಟಿದರೆ ಒಳ್ಳೆಯದು. ತಣ್ಣನೆಯ ಕೆಸರಿನಲ್ಲಿ ಬೇರು ಸುಮ್ನೆ ಕೂತಿರುತ್ತದೆ, ಬೇರು ಕೊಳೆಸುವ ಪಿಥಿಯಂ ಥರದ ರೋಗಾಣು ಸುಮ್ನೆ ಕೂರುವುದಿಲ್ಲ.

ಇನ್ನು ನಿಮ್ಮ ಸಸಿಗಳ ಪಟ್ಟಿಗೆ ಬರೋಣ. ಐದನ್ನೂ ಒಂದೇ ದಿನ ನೆಡುವ ಯೋಚನೆ ಬಿಡಿ. ಯಾವ ಗಿಡದ ಮೂಲ ಎಲ್ಲಿ ಅಂತ ತಿಳಿದರೆ ಅದು ಮಳೆಯನ್ನು ಎಷ್ಟು ತಡೆಯುತ್ತದೆ ಅನ್ನುವುದೂ ಅರ್ಧ ತಿಳಿದಂತೆ. ಬೆಗೋನಿಯಾ ಬ್ರೆಜಿಲ್ ಕಡೆಯ ತೇವದ ಜಾಗಗಳಿಂದ ಬಂದದ್ದು. ಸಣ್ಣ ಹೂವಿನ, ಮೇಣದಂಥ ಎಲೆಯ ಬೆಗೋನಿಯಾ ಮಳೆ ಹೊಡೆತಕ್ಕೆ ಜಗ್ಗುವುದಿಲ್ಲ. ಹೂ ಚಿಕ್ಕದು, ನೀರು ನಿಲ್ಲುವುದಿಲ್ಲ. ನೀರು ಬಸಿಯುವ ಪಾತಿ ಸಿಕ್ಕಿ, ಮಣ್ಣು ಸ್ವಲ್ಪ ಬೆಚ್ಚಗಾದರೆ ಇದನ್ನೇ ಮೊದಲು ನೆಡಿ.

ಪೆಟುನಿಯಾದಲ್ಲಿ ಹೂವಿನ ಗಾತ್ರ ನೋಡಿ. ಅಂಗೈಯಗಲದ ಹೂ ಬಿಡುವ ತಳಿಗಳು ಒಂದು ಜೋರು ಮಳೆಗೆ ಒದ್ದೆ ಕಾಗದದಂತೆ ಎಲೆಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಹೂವಿನ ಮೇಲೇ ಬೂದುಬಣ್ಣದ ಬೂಜು ಶುರುವಾಗಿ ಎಲೆಗೂ ಕಾಂಡಕ್ಕೂ ಇಳಿಯುತ್ತದೆ. ಚಿಕ್ಕ ಹೂ ಜಾಸ್ತಿ ಬಿಡುವ ತಳಿಗಳು ಮಳೆಯ ಮಾರನೇ ದಿನವೇ ಮತ್ತೆ ಅರಳುತ್ತವೆ. ನಿಮ್ಮಲ್ಲಿ ಎರಡೂ ಇದ್ದರೆ ಚಿಕ್ಕ ಹೂವಿನದ್ದು ಪಾತಿಗೆ, ದೊಡ್ಡದು ಸೂರಿನ ಕೆಳಗಿನ ಕುಂಡಗಳಿಗೆ.

ಚೆಂಡುಹೂವಿನಲ್ಲೂ ಇದೇ ಲೆಕ್ಕ. ಗಿಡ್ಡ ಜಾತಿಯ ಚಿಕ್ಕ ಚೆಂಡುಹೂ ಮಳೆಗೆ ಪರವಾಗಿಲ್ಲ. ಎತ್ತರದ ಗಿಡದ ದೊಡ್ಡ ಹೂ ಸ್ಪಂಜಿನಂತೆ ನೀರು ಹೀರಿ, ಭಾರಕ್ಕೆ ಕತ್ತು ಬಾಗಿಸಿ, ಒಳಗಿನಿಂದ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ. ಅದನ್ನು ಮಳೆ ಕಡಿಮೆಯಾದ ಮೇಲೆ ನೆಡಿ. ಜೀನಿಯಾ ಮೆಕ್ಸಿಕೋದ ಕುರುಚಲು ಕಾಡು, ಒಣ ಹುಲ್ಲುಗಾವಲಿನ ಗಿಡ. ಎಲೆ ಒದ್ದೆಯಾಗೇ ಇದ್ದರೆ ಚುಕ್ಕೆ ರೋಗ ಗ್ಯಾರಂಟಿ. ಅದನ್ನು ದಟ್ಟವಾಗಿ ನೆಡಬೇಡಿ, ಗಾಳಿಯಾಡುವ ಪಾತಿಗೆ ಕೊಡಿ.

ನಿತ್ಯಪುಷ್ಪದ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿ. ಮಡಗಾಸ್ಕರ್ ಮೂಲದ ಈ ಗಿಡ ಬೇಸಿಗೆಯ ಸುಡುಬಿಸಿಲಿಗೆ ಹೇಳಿ ಮಾಡಿಸಿದ್ದು. ಬೇರೆಲ್ಲಾ ಬಾಡಿದಾಗಲೂ ಇದು ನಗುತ್ತಾ ನಿಂತಿರುತ್ತದೆ. ಆದರೆ ತಂಪು ಮತ್ತು ಒದ್ದೆ ಒಟ್ಟಿಗೆ ಬಂದರೆ ಇಷ್ಟು ಬೇಗ ಸಾಯುವ ಗಿಡ ನಿಮ್ಮ ಪಟ್ಟಿಯಲ್ಲಿ ಇನ್ನೊಂದಿಲ್ಲ. ಫೈಟೊಫ್ತೊರಾ ಅನ್ನುವ ರೋಗಾಣು ಮಣ್ಣಿನಿಂದ ಮಳೆಹನಿಯ ಜೊತೆ ಸಿಡಿದು ಕೊಂಬೆಗೆ ತಾಗುತ್ತದೆ. ತುದಿಗಳು ಕಪ್ಪಾಗಿ ಬಾಗುತ್ತವೆ, ಕೆಲವೇ ದಿನದಲ್ಲಿ ಪಾತಿಯ ನಡುವೆ ದೊಡ್ಡ ಬೋಳು ಕಾಣುತ್ತದೆ. ಇದನ್ನು ಎಲ್ಲಕ್ಕಿಂತ ಕೊನೆಗೆ ನೆಡಿ. ಕಾರ್ಯಕ್ರಮ ಮುಗಿದ ಮೇಲೆ ಆದರೂ ಸರಿ.

ಅಷ್ಟು ದಿನ ಟ್ರೇಗಳು ಎಲ್ಲಿರಬೇಕು? ನೆಲದ ಮೇಲಂತೂ ಬೇಡ. ನೆಲದಲ್ಲಿಟ್ಟ ಟ್ರೇಯ ತಳ ನೀರಿನಲ್ಲಿ ನಿಲ್ಲುತ್ತದೆ, ಕೆಳಗೆ ಬಸವನಹುಳುಗಳು ಮನೆ ಮಾಡುತ್ತವೆ. ಇಟ್ಟಿಗೆ ಜೋಡಿಸಿ ಅದರ ಮೇಲೆ ಹಲಗೆ ಅಥವಾ ಜಾಲರಿ ಹಾಕಿ ಟ್ರೇ ಇಡಿ. ಮೇಲೆ ಮಳೆ ತಡೆಯುವ ಪಾರದರ್ಶಕ ಶೀಟ್ ಇರಲಿ, ನಾಲ್ಕು ಕಡೆಯೂ ತೆರೆದಿರಲಿ. ಕತ್ತಲೆಯ ಗೋದಾಮಿನಲ್ಲಿ ಇಟ್ಟರೆ ಒಂದೇ ವಾರಕ್ಕೆ ಸಸಿ ಬೆಳಕು ಹುಡುಕುತ್ತಾ ಸಣಕಲಾಗಿ ಉದ್ದವಾಗುತ್ತದೆ. ಟ್ರೇಗಳ ನಡುವೆ ಒಂದು ಗೇಣು ಜಾಗ ಬಿಡಿ. ನೀರು ಬೆಳಿಗ್ಗೆ ಮಾತ್ರ, ಅದೂ ಮೇಲಿನ ಮಿಶ್ರಣ ಒಣಗಿದಂತೆ ಕಂಡರೆ ಮಾತ್ರ. ಸಂಜೆಯೊಳಗೆ ಎಲೆ ಒಣಗಿರಬೇಕು. ಇಷ್ಟು ದಿನ ಮಳೆಯಲ್ಲಿ ಇದ್ದ ಟ್ರೇಗಳಿಂದ ಗೊಬ್ಬರದ ಅಂಶ ತೊಳೆದುಹೋಗಿರುತ್ತದೆ, ಹಾಗಾಗಿ ನೀರಿನಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ ಅರ್ಧ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಡಿ. ಪೆಟುನಿಯಾ ಮತ್ತು ಜೀನಿಯಾ ಉದ್ದವಾಗುತ್ತಿದ್ದರೆ ತುದಿ ಚಿವುಟಿ. ಕಾರ್ಯಕ್ರಮಕ್ಕೆ ಬೇಕಾದಷ್ಟನ್ನು ಚಿವುಟದೆ ಬಿಟ್ಟುಕೊಳ್ಳಿ.

ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಬಗೆಯ ಒಂದು ಸಸಿಯನ್ನು ಗುಳಿಯಿಂದ ಎತ್ತಿ ಬೇರು ನೋಡಿ. ಬೆಳ್ಳಗಿದ್ದರೆ ಸರಿ. ತಳದಲ್ಲಿ ಸುತ್ತು ಹಾಕಲು ಶುರು ಮಾಡಿದ್ದರೆ ಆ ಬಗೆಯನ್ನು 10 ಸೆಂಟಿಮೀಟರ್ ಕುಂಡಕ್ಕೆ ಬದಲಿಸಿ. ಕೆಲಸ ಜಾಸ್ತಿ ನಿಜ, ಆದರೆ ಸ್ವಯಂಸೇವಕರು ಮಳೆಯ ದಿನ ಸೂರಿನ ಕೆಳಗೆ ಕೂತು ಮಾಡಬಹುದಾದ ಕೆಲಸ ಇದು.

ಪಾತಿಗೂ ಈಗ ಮಾಡಬಹುದಾದ ಕೆಲಸ ಇದೆ, ಒಳಗೆ ಕಾಲಿಡದೆ. ಪಾತಿಯ ಸುತ್ತ 10ರಿಂದ 15 ಸೆಂಟಿಮೀಟರ್ ಆಳದ ಬಸಿಗಾಲುವೆ ತೆಗೆಯಿರಿ, ಅದರ ನೀರು ಹೊರಗೆ ಹರಿದುಹೋಗಲು ದಾರಿ ಇರಲಿ. ಕಾರ್ಯಕ್ರಮಕ್ಕೆ ಮುಖ್ಯವಾದ ಒಂದೆರಡು ಪಾತಿಗಳ ಮೇಲೆ ಪ್ಲಾಸ್ಟಿಕ್ ಶೀಟ್ ಇಳಿಜಾರಾಗಿ ಕಟ್ಟಿ, ನೀರು ಹೊರಕ್ಕೆ ಬೀಳಲಿ. ಬಿಸಿಲು ಬಂದ ಕೂಡಲೇ ಶೀಟ್ ಸರಿಸಿ, ಮಳೆ ಬರುವ ಸೂಚನೆ ಕಂಡರೆ ಮತ್ತೆ ಮುಚ್ಚಿ. ಈ ಒಂದು ಉಪಾಯದಿಂದ ಎಷ್ಟೋ ಸಲ ನಾಲ್ಕೈದು ದಿನ ಉಳಿದದ್ದುಂಟು. ಜೇಡಿ ಮಣ್ಣು ಸಡಿಲವಾಗಲಿ ಅಂತ ಮರಳು ಮಾತ್ರ ಸುರಿಯಬೇಡಿ. ಸ್ವಲ್ಪ ಮರಳು ಸೇರಿದ ಜೇಡಿ ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಹದ ಬಂದ ಮೇಲೆ 5 ಸೆಂಟಿಮೀಟರ್ ದಪ್ಪ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ, ಮೇಲಿನ 15-20 ಸೆಂಟಿಮೀಟರ್ ಮಣ್ಣಿಗೆ ಬೆರೆಸಿ. ಪಾತಿಯ ನಡುಭಾಗ ಅಂಚಿಗಿಂತ ಒಂದು ಗೇಣು ಎತ್ತರ ಇರುವಂತೆ ಏರಿಸಿ. ನೀರೂ ಇಳಿಯುತ್ತದೆ, ಹಾದಿಯಲ್ಲಿ ಹೋಗುವವರಿಗೆ ಹಿಂದಿನ ಸಾಲಿನ ಹೂವೂ ಕಾಣುತ್ತದೆ.

ನೆಡುವ ದಿನ ಹಲಗೆ ಬೇಕೇ ಬೇಕು. ಒಂದು ಅಡಿ ಅಗಲದ ಉದ್ದ ಹಲಗೆಯ ಮೇಲೆ ಮಂಡಿಯೂರಿದರೆ ನಮ್ಮ ಭಾರ ಹರಡಿಹೋಗುತ್ತದೆ. ಪಾತಿಯ ನಡುವಿನಿಂದ ಶುರು ಮಾಡಿ, ಹಲಗೆ ಸರಿಸುತ್ತಾ ಅಂಚಿಗೆ ಬನ್ನಿ. ನೆಟ್ಟ ಜಾಗಕ್ಕೆ ಮತ್ತೆ ಹೋಗುವ ಪ್ರಮೇಯವೇ ಬರಬಾರದು. ಸ್ವಯಂಸೇವಕರು ಹತ್ತು ಜನ ಇದ್ದರೂ ಒಂದು ಪಾತಿಗೆ ಇಬ್ಬರು ಮೂವರು ಸಾಕು, ಉಳಿದವರು ಹಾದಿಯಲ್ಲಿ ನಿಂತು ಟ್ರೇ ದಾಟಿಸಲಿ.

ಒಂದು ವಿಷಯ ತುಂಬಾ ಜನ ಮರೆಯುತ್ತಾರೆ. ಪಾತಿ ಎಷ್ಟೇ ಹಸಿಯಿದ್ದರೂ ನೆಡುವ ಮೊದಲು ಟ್ರೇಗೆ ನೀರು ಹಾಕಲೇಬೇಕು. ಬೇರಿನ ಉಂಡೆ ಒಣಗಿದ್ದರೆ ಸುತ್ತ ಹಸಿ ಮಣ್ಣಿದ್ದರೂ ಅದು ಬೇಗ ನೀರು ಹೀರುವುದಿಲ್ಲ, ಒದ್ದೆ ಪಾತಿಯಲ್ಲೇ ಸಸಿ ಬಾಯಾರಿ ಬಾಡುತ್ತದೆ. ಗುಂಡಿ ಮಾಡುವಾಗ ಕೈಸಲಿಕೆಯನ್ನು ಚುಚ್ಚಿ ಹಿಂದಕ್ಕೆ ಎಳೆಯಿರಿ, ತಿರುಗಿಸಬೇಡಿ. ಗೋಡೆ ಹೊಳೆದದ್ದು ಕಂಡರೆ ಬೆರಳಿನಿಂದ ಗೀಚಿ ಒಡೆಯಿರಿ. ಸಸಿ ಟ್ರೇಯಲ್ಲಿದ್ದ ಮಟ್ಟಕ್ಕೇ ಇರಲಿ, ಅಥವಾ ಅರ್ಧ ಬೆರಳು ಮೇಲಿರಲಿ. ಕಾಂಡ ಹೂತುಹೋಗಬಾರದು. ಸುತ್ತ ಮಣ್ಣನ್ನು ಬೆರಳ ತುದಿಯಿಂದ ಮೆಲ್ಲಗೆ ಕೂರಿಸಿ, ಕಾಲಲ್ಲಿ ಒತ್ತುವುದು ಬೇಡವೇ ಬೇಡ.

ಅಂತರ 25 ಸೆಂಟಿಮೀಟರ್ ಇಟ್ಟರೆ ಒಂದು ಚದರ ಮೀಟರಿಗೆ 16 ಸಸಿ, 30 ಇಟ್ಟರೆ 11. ಮಳೆಯ ವರ್ಷ ನಾನು 30ನ್ನೇ ಆರಿಸುತ್ತೇನೆ. ಮೊದಲ ಕೆಲವು ವಾರ ನಡುವೆ ಮಣ್ಣು ಕಾಣುತ್ತದೆ, ಕಾಣಲಿ. ಹತ್ತರಲ್ಲಿ ಒಂದು ಪಾಲು ಸಸಿಯನ್ನು ನೆಡದೆ ಕುಂಡದಲ್ಲಿ ಉಳಿಸಿಕೊಳ್ಳಿ, ಸತ್ತ ಜಾಗ ತುಂಬಲು ಬೇಕಾಗುತ್ತದೆ. ಮಣ್ಣಿನ ಮೇಲೆ ಹೊದಿಸುವ ಒಣ ಎಲೆ, ಹುಲ್ಲಿನಂಥ ಮುಚ್ಚಿಗೆಯನ್ನು ಅವತ್ತೇ ಹಾಕಬೇಡಿ, ತಣ್ಣನೆಯ ಒದ್ದೆ ಮಣ್ಣಿನ ಮೇಲೆ ಹಾಕಿದರೆ ಅದು ಒಣಗುವುದೂ ಇಲ್ಲ, ಬೆಚ್ಚಗಾಗುವುದೂ ಇಲ್ಲ. ಮಣ್ಣು ಬೆಚ್ಚಗಾದ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ದಪ್ಪ, ಕಾಂಡಕ್ಕೆ ತಾಗದಂತೆ ಹಾಕಿ. ಆಗ ಅದು ಮಳೆಹನಿ ಮಣ್ಣನ್ನು ಎಲೆಗೆ ಸಿಡಿಸುವುದನ್ನು ತಡೆಯುತ್ತದೆ.

ನೆಟ್ಟ ಮೇಲೆ ಮತ್ತೆ ಮಳೆ ಬಂತು, ಎಲೆ ಹಳದಿಯಾಯಿತು ಅಂದುಕೊಳ್ಳಿ. ಕೂಡಲೇ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ. ಮೊದಲು ಯಾವ ಎಲೆ ಅಂತ ನೋಡಿ. ಕೆಳಗಿನ ಹಳೆಯ ಎಲೆ ಒಂದೇ ಸಮ ಹಳದಿಯಾಗಿ ಬೇರು ಬೆಳ್ಳಗಿದ್ದರೆ ಸಾರಜನಕ ಮಳೆಗೆ ತೊಳೆದುಹೋಗಿದೆ, ಆಗ ಗೊಬ್ಬರ ಕೊಡಬಹುದು. ಬೇರು ಕಂದಾಗಿದ್ದರೆ ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿದರೆ ಅದು ಬೇರು ಕೊಳೆ. ಆ ಗಿಡವನ್ನು ಮಣ್ಣಿನ ಸಮೇತ ತೆಗೆದುಹಾಕಿ. ಗೊಬ್ಬರ ಕೊಟ್ಟರೆ ಉಳಿಯುವುದಿಲ್ಲ, ಸತ್ತ ಬೇರಿನ ಪಕ್ಕ ಉಪ್ಪು ಸುರಿದಂತೆ ಆಗುತ್ತದೆ.

ಬಾಡಿದ, ಅಂಟಿದ ಹೂಗಳನ್ನು ಎರಡು ದಿನಕ್ಕೊಮ್ಮೆ ಕಿತ್ತು ಹೊರಗೆ ಹಾಕಿ, ಪಾತಿಯಲ್ಲೇ ಉದುರಿಸಬೇಡಿ. ಎಳೆ ಚೆಂಡುಹೂ ಸಸಿ ರಾತ್ರೋರಾತ್ರಿ ಮಾಯವಾದರೆ ಅದು ಬಸವನಹುಳುವಿನ ಕೆಲಸ, ಚಿಪ್ಪಿನದ್ದೂ ಇರಬಹುದು, ಚಿಪ್ಪಿಲ್ಲದ್ದೂ ಇರಬಹುದು. ಸಂಜೆ ಒದ್ದೆ ಹಲಗೆಯ ತುಂಡುಗಳನ್ನು ಪಾತಿಯ ಅಂಚಿನಲ್ಲಿ ಇಟ್ಟು, ಬೆಳಿಗ್ಗೆ ಮಗುಚಿ, ಕೆಳಗೆ ಸೇರಿದ್ದನ್ನು ಆರಿಸಿ. ಮಕ್ಕಳು, ನಾಯಿಗಳು ಓಡಾಡುವ ಜಾಗ ಅದು, ವಿಷದ ಕಾಳು ಚೆಲ್ಲುವುದಕ್ಕಿಂತ ಇದೇ ಮೇಲು.

ಕಾರ್ಯಕ್ರಮದ ದಿನಕ್ಕೆ ಏನು ಮಾಡುವುದು ಅನ್ನುವುದು ನಿಮ್ಮ ನಿಜವಾದ ಚಿಂತೆ, ಅರ್ಥವಾಗುತ್ತದೆ. ಎಲ್ಲಾ ಪಾತಿಗಳನ್ನೂ ಅರೆಬರೆ ತುಂಬುವ ಬದಲು ಜನ ಮೊದಲು ನೋಡುವ ಜಾಗ ಆರಿಸಿ. ಬಾಗಿಲ ಎರಡು ಪಕ್ಕ ಮತ್ತು ವೇದಿಕೆಯ ಮುಂದೆ ದೊಡ್ಡ ಕುಂಡಗಳಲ್ಲಿ ಬೆಗೋನಿಯಾ, ಪೆಟುನಿಯಾ ಒತ್ತಾಗಿ ತುಂಬಿ. ಕುಂಡದ ಮಿಶ್ರಣ ನಿಮ್ಮ ಕೈಯಲ್ಲೇ ಇರುತ್ತದೆ, ಮಳೆ ಏನೂ ಮಾಡುವುದಿಲ್ಲ. ಶೀಟ್ ಕಟ್ಟಿ ಕಾಪಾಡಿದ ಪಾತಿ ಅಷ್ಟರಲ್ಲಿ ಹದಕ್ಕೆ ಬಂದರೆ ಅದನ್ನು ನೆಡಿ. ಖಾಲಿ ಪಾತಿಗಳ ಅಂಚನ್ನು ನೀಟಾಗಿ ಕತ್ತರಿಸಿ, ಕಳೆ ತೆಗೆದು, 'ಮಣ್ಣು ಒಣಗುತ್ತಿದೆ, ನಂತರ ಇಲ್ಲಿ ಜೀನಿಯಾ ಬರುತ್ತದೆ, ದಯವಿಟ್ಟು ತುಳಿಯಬೇಡಿ' ಅಂತ ಒಂದು ಚಿಕ್ಕ ಫಲಕ ಹಾಕಿ. ಅಂಚು ಚೊಕ್ಕಟವಾಗಿದ್ದು ಕಾರಣ ಬರೆದಿದ್ದರೆ ಜನ ಬೇಸರ ಮಾಡಿಕೊಳ್ಳುವುದಿಲ್ಲ, ಕೆಲವರು ನಿಂತು ಓದಿ ಪ್ರಶ್ನೆಯನ್ನೂ ಕೇಳುತ್ತಾರೆ. ಮೇಲಿನವರಿಗೆ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಪಾತಿಯ ಹತ್ತಿರ ಕರೆದುಕೊಂಡು ಹೋಗಿ ಒಂದು ಹಿಡಿ ಮಣ್ಣು ಅವರ ಕೈಗೇ ಕೊಡಿ. ಬೆರಳ ಸಂದಿಯಿಂದ ನೀರು ಇಳಿಯುವುದನ್ನು ಅವರೇ ನೋಡಲಿ.

ಕೊನೆಗೆ, ಒಂದಿಷ್ಟು ಜೀನಿಯಾ ಬೀಜ ತರಿಸಿ ಇಟ್ಟುಕೊಳ್ಳಿ. ಮಳೆ ಇನ್ನೂ ಎಳೆದು ಟ್ರೇಯ ಜೀನಿಯಾ ಕೈಕೊಟ್ಟರೆ ಭಯಪಡಬೇಡಿ. ಬೇರು ಕದಲಿದರೆ ಬೇಜಾರು ಮಾಡಿಕೊಳ್ಳುವ ಗಿಡ ಅದು, ನೇರವಾಗಿ ಪಾತಿಗೆ ಬಿತ್ತಿದರೆ ಇನ್ನೂ ಖುಷಿಯಾಗಿ ಬರುತ್ತದೆ. ಮಣ್ಣು ಬೆಚ್ಚಗಾದ ಮೇಲೆ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಒಂದು ವಾರದೊಳಗೆ ಮೊಳಕೆ ಕಾಣುತ್ತದೆ, ಸುಮಾರು ಎರಡು ತಿಂಗಳಿಗೆ ಹೂ ಬರುತ್ತದೆ.